ಮೇಸ್ತ್ರಿಗೆ ಅರ್ಥವಾಗೋ ಡ್ರಾಯಿಂಗ್ ಬರೆಯೋಣ

ಮೊದಲ ವರ್ಷದಲ್ಲಿ ನಾವೆಲ್ಲ ಇಂಜಿನಿಯರಿಂಗ್ ಡ್ರಾಯಿಂಗ್ ಪಾಸಾಗಿ ಬಂದವರೇ. ಪ್ರೊಜೆಕ್ಷನ್, ಸೆಕ್ಷನ್, ಐಸೊಮೆಟ್ರಿಕ್ ಎಲ್ಲಾ ಬರುತ್ತೆ. ಆದರೆ ನಮ್ಮ ಪ್ರಾಜೆಕ್ಟ್ ರಿಪೋರ್ಟಿನ ಡ್ರಾಯಿಂಗನ್ನ ಮದ್ದೂರಿನ ಒಬ್ಬ ಗಾರೆ ಮೇಸ್ತ್ರಿಗೋ ಮಳವಳ್ಳಿ ಕಡೆಯ ಒಬ್ಬ ರೈತರಿಗೋ ಕೊಟ್ಟು, "ಇದನ್ನ ನೋಡ್ಕೊಂಡು ಕಟ್ಟಿ" ಅಂದರೆ ಕಟ್ಟೋಕಾಗುತ್ತಾ? ಆಗದಿದ್ದರೆ "ಅವರಿಗೆ ಡ್ರಾಯಿಂಗ್ ಓದೋಕೆ ಬರಲ್ಲ" ಅಂದು ಸುಮ್ಮನಾಗ್ತೀವಿ. ಕೊರತೆ ಇರೋದು ಅವರಲ್ಲಲ್ಲ, ನಮ್ಮ ಚಿತ್ರದಲ್ಲಿ ಅನ್ನೋದು ನನ್ನ ವಾದ.

ಇದು ಬರೀ ಅಂದಚಂದದ ಪ್ರಶ್ನೆಯಲ್ಲ. ಅಸ್ತ್ರ ಒಲೆಯನ್ನೇ ತಗೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ಕೆಲಸ ಮಾಡಿತು. ನಮ್ಮ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವೂ ಇತ್ತು. ಅವರು ರೂಪಿಸಿದ ಸೌದೆ ಒಲೆಯಲ್ಲಿ ಮೂರು ಪಾತ್ರೆ ಇಡಬಹುದು. ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಹೊಗೆ ಹೊರಹೋಗಲು ಚಿಮಣಿ. ಅಂಗಡಿಯಲ್ಲಿ ಕೊಂಡು ತರೋ ವಸ್ತು ಅಲ್ಲ ಇದು, ಅಡುಗೆಮನೆಯಲ್ಲೇ ಕಟ್ಟಬೇಕು.

ಈ ಒಲೆಯ ಗುಟ್ಟೆಲ್ಲ ಒಳಗಿನ ಅಳತೆಯಲ್ಲಿದೆ. ಬಿಸಿಗಾಳಿ ಹಾಯೋ ದಾರಿ ಅಗಲವಾದರೆ ಶಾಖ ಪಾತ್ರೆಗೆ ತಾಗದೆ ನೇರ ಚಿಮಣಿಗೆ ಹೋಗುತ್ತೆ. ಪಾತ್ರೆ ಕೂರೋ ಬಾಯಿ ದೊಡ್ಡದಾದರೆ ಸಂದಿಯಿಂದ ಹೊಗೆ ಬರುತ್ತೆ. ಹೊರಗಿನಿಂದ ನೋಡಿದರೆ ಎರಡು ಒಲೆಯೂ ಒಂದೇ ಥರ ಕಾಣುತ್ತೆ, ಆದರೆ ಒಂದರ ಮುಂದೆ ಕೂತ ಹೆಂಗಸಿನ ಕಣ್ಣಲ್ಲಿ ನೀರು. ಆಮೇಲೆ "ಈ ಹೊಸ ಒಲೆ ಸರಿಯಿಲ್ಲ" ಅಂತ ಬೀದಿಗೆಲ್ಲ ಸುದ್ದಿಯಾದರೆ ಡಿಸೈನ್ ಎಷ್ಟು ಚೆನ್ನಾಗಿದ್ದು ಏನು ಬಂತು?

ನಮ್ಮ ಡ್ರಾಯಿಂಗ್ ಎಲ್ಲಿ ಎಡವುತ್ತೆ ನೋಡಿ. ನಮ್ಮಲ್ಲಿ ಕಲಿಸೋದು ಫಸ್ಟ್ ಆಂಗಲ್ ಪ್ರೊಜೆಕ್ಷನ್. ಅದರಲ್ಲಿ ಮೇಲಿನಿಂದ ಕಾಣೋ ನೋಟ ಕೆಳಗೆ ಬರುತ್ತೆ, ಬಲಗಡೆ ನೋಟ ಎಡಗಡೆ ಬರುತ್ತೆ. ನಿಯಮ ಗೊತ್ತಿರೋ ನಮಗೆ ಸರಿ, ಗೊತ್ತಿಲ್ಲದವರಿಗೆ ಅದು ತಲೆಕೆಳಗು. ತುಂಡು ಗೆರೆ ಅಂದರೆ ನಮಗೆ ಒಳಗೆ ಮರೆಯಾದ ಅಂಚು. ಉಳಿದವರಿಗೆ ಅದು "ಇಲ್ಲಿ ಕತ್ತರಿಸಿ" ಅನ್ನೋ ಗುರುತು. ನಾವು 230 ಮಿ.ಮೀ. ಅಂತ ಬರೀತೀವಿ, ಮೇಸ್ತ್ರಿಗಳು ಒಂಬತ್ತಿಂಚು ಗೋಡೆ ಅಂತಾರೆ.

ಹಾಗಾದರೆ ಏನು ಮಾಡಬಹುದು? ಒಂದು ಚಿತ್ರದಲ್ಲಿ ಒಂದೇ ಕೆಲಸ ತೋರಿಸಿ. ಹೊಸದಾಗಿ ಸೇರೋ ಭಾಗವನ್ನ ದಪ್ಪ ಗೆರೆಯಲ್ಲಿ, ಆಗಲೇ ಕಟ್ಟಿದ್ದನ್ನ ತೆಳು ಗೆರೆಯಲ್ಲಿ ಬರೆಯಿರಿ. ಮೊದಲಿಂದ ಕೊನೆವರೆಗೂ ಒಂದೇ ದಿಕ್ಕಿನಿಂದ ನೋಡಿದ ಹಾಗಿರಲಿ. ತಿರುಗಿಸಲೇಬೇಕಾದರೆ ತಿರುಗಿಸಿದ್ದೀವಿ ಅಂತ ಬಾಣ ಹಾಕಿ. ಒಳಭಾಗ ತೋರಿಸೋಕೆ ತುಂಡು ಗೆರೆ ಬೇಡ, ಹಲಸಿನಹಣ್ಣು ಕೊಯ್ದಿಟ್ಟ ಹಾಗೆ ಸೀಳಿ ತೋರಿಸಿ. ಅಳತೆಯನ್ನ ಇಂಚಿನಲ್ಲೂ, ಆದರೆ ಇಟ್ಟಿಗೆ ಲೆಕ್ಕದಲ್ಲೂ ಕೊಡಿ. ಯಾವ ಅಳತೆ ಕೂದಲಷ್ಟೂ ತಪ್ಪಬಾರದೋ ಅದಕ್ಕೊಂದು ಸುತ್ತು ಹಾಕಿ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಮನೀಶ್ ಅಗ್ರವಾಲ, ಬಾರ್ಬರಾ ಟ್ವರ್ಸ್ಕಿ ಮೊದಲಾದವರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತೆ. ಎಲ್ಲವನ್ನೂ ಒಂದೇ ಚಿತ್ರಕ್ಕೆ ತುಂಬೋ ಬದಲು ಹಂತ ಹಂತವಾಗಿ, ಯಾವುದು ಎಲ್ಲಿ ಕೂರುತ್ತೆ ಅಂತ ತೋರಿಸೋ ಚಿತ್ರ ಜೋಡಿಸೋರಿಗೆ ಹೆಚ್ಚು ಅನುಕೂಲ.

"ಈಗಿನ ಕಾಲದಲ್ಲಿ ವಿಡಿಯೊ ಮಾಡಿ ಹಾಕಿದ್ರೆ ಆಯ್ತಲ್ಲ ಮಗಾ" ಅಂತ ಗೆಳೆಯರು ಕೇಳ್ತಾರೆ. ವಿಡಿಯೊ ಒಳ್ಳೇದೇ. ಆದರೆ ಕೈಯೆಲ್ಲ ಮಣ್ಣಾಗಿರುವಾಗ ಫೋನನ್ನ ನಿಲ್ಲಿಸಿ, ಹಿಂದಕ್ಕೆ ಹೋಗಿ, ಅಳತೆ ಹುಡುಕೋರು ಯಾರು? ಗೋಡೆಗೆ ಅಂಟಿಸಿದ ಒಂದು ಹಾಳೆ ಕತ್ತೆತ್ತಿದರೆ ಕಾಣುತ್ತೆ. ಹಾಗಂತ ಕಲಿತ ಡ್ರಾಯಿಂಗ್ ಬಿಡಿ ಅಂತಲೂ ನಾನು ಹೇಳ್ತಿಲ್ಲ. ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತವರಿಗೆ ಅದೇ ಬೇಕು. ಮನೆಯಲ್ಲಿ, ಹೊಲದಲ್ಲಿ ಕಟ್ಟೋರಿಗೆ ಮಾತ್ರ ಇನ್ನೊಂದು ಚಿತ್ರ ಬೇಕು.

ಅದಕ್ಕೇ ಒಂದು ಸಲಹೆ. ಜನ ತಾವೇ ಕಟ್ಟಿಕೊಳ್ಳಬೇಕಾದ ಯಾವುದೇ ಪ್ರಾಜೆಕ್ಟ್ ಆಗಲಿ, ಒಲೆಯೋ, ಗೊಬ್ಬರದ ತೊಟ್ಟಿಯೋ, ಮಳೆನೀರಿನ ಫಿಲ್ಟರೋ, ರಿಪೋರ್ಟಿನ ಕೊನೆಗೆ ಕನ್ನಡದಲ್ಲಿ ಒಂದು ಹಾಳೆ 'ಕಟ್ಟುವ ಚಿತ್ರ' ಸೇರಿಸೋಣ. ರಿಪೋರ್ಟ್ ಬೈಂಡಿಂಗಿಗೆ ಕೊಡೋ ಮೊದಲು ಅದನ್ನ ಇಂಜಿನಿಯರಿಂಗ್ ಓದದ ಒಬ್ಬರ ಕೈಗೆ ಕೊಟ್ಟು, ನಾವು ಬಾಯಿಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲೋಣ. "ಒಳಗಡೆ ಎಷ್ಟ್ ಇಂಚು ಸಾಮಿ?" ಅಂತ ಅವರು ಕೇಳಿದರೆ ಬಾಯಲ್ಲಿ ಉತ್ತರ ಹೇಳೋದು ಬೇಡ. ಆ ಉತ್ತರ ಚಿತ್ರದಲ್ಲಿ ಇರಬೇಕಿತ್ತು. ಬರ್ಕೊಂಡು ಬಂದು, ಚಿತ್ರ ತಿದ್ದಿ, ಇನ್ನೊಬ್ಬರಿಗೆ ಕೊಡೋಣ. ಯಾರೂ ಏನೂ ಕೇಳದೆ ಕಟ್ಟಿ ಮುಗಿಸಿದ ದಿನ ಆ ಹಾಳೆ ಪಾಸ್.