ಸಮ್ಮೇಳನ ಟಿ.ಬಿ. ಡ್ಯಾಂಗೂ ಬರಲಿ (ಭಾಗ 4)

1/6
ಫೋಟೋದಾಗ ಕಾಣ್ತಿರೋದು ನಮ್ಮ ಟಿ.ಬಿ. ಡ್ಯಾಮಿನ ಗೇಟುಗಳು. ಒಟ್ಟು 33. ಹಂಪಿ ನೋಡೋಕೆ ಬಂದಾಗ ನೀವೂ ಇಲ್ಲಿ ಸೆಲ್ಫಿ ತಗೊಂಡಿರ್ತೀರಿ. ಇವತ್ತು ಒಂದು ಜಗಳ ತೆಗೀತೀನಿ. ಪೂರ್ತಿ ಓದ್ರಿ, ಆಮೇಲೆ ಬೈಯ್ರಿ.

2/6
2024ರ ಆಗಸ್ಟ್ 10, ಶನಿವಾರ ರಾತ್ರಿ. ಡ್ಯಾಂ ತುಂಬಿತ್ತು. 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಆ ಜಾಗಕ್ಕೆ ಇಳಿಸೋಕೆ ಸಿದ್ಧ ಸ್ಟಾಪ್‌ಲಾಗ್ ಇರಲಿಲ್ಲ. ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ಎತ್ತಬೇಕಾಯ್ತು. ಹೊಸಪೇಟೆ, ತೋರಣಗಲ್ಲಿನ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಕೆಲಸ ನಡೀತು. 60 ಅಡಿ ಅಗಲ, 4 ಅಡಿ ಎತ್ತರದ ಐದು ತುಂಡುಗಳನ್ನು ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಲ್ಲೇ ಇಳಿಸಿದರು. 17ನೇ ತಾರೀಖಿಗೆ ಬಾಯಿ ಮುಚ್ಚಿತು.

3/6
ಈಗ ಜಗಳ. ಬೆಂಗಳೂರಿನಲ್ಲಿ ಸಿಸ್ಟಮ್ಸ್ ಎಂಜಿನಿಯರಿಂಗ್, ಸಿಮ್ಯುಲೇಶನ್ ಅಂತ ಸಮ್ಮೇಳನಗಳು ನಡೀತಾವೆ. ವಿಮಾನ, ಕಾರು, ಉಪಗ್ರಹ: ಎಲ್ಲದರ ಮಾದರಿ ಪರದೆ ಮೇಲೆ. ಒಳ್ಳೇದೇ. ಆದರೆ ಆ ವಿದ್ಯೆಯ ಮೊದಲ ಪಾಠ ಏನು? ಒಂದು ಭಾಗ ಸೋತರೂ ಇಡೀ ವ್ಯವಸ್ಥೆ ಸೋಲಬಾರದು. 19ನೇ ಗೇಟಿಗಿಂತ ದೊಡ್ಡ ಪಾಠ ಬೇಕೇನು? ಹಾಗಿದ್ರೆ ಆ ಮಾತು ಇಲ್ಲಿ, ಡ್ಯಾಮಿನ ಪಕ್ಕದಲ್ಲಿ, ಕನ್ನಡದಲ್ಲಿ ಯಾಕೆ ನಡೀಬಾರದು?

4/6
"ಸಾಫ್ಟ್‌ವೇರ್ ಇದ್ದಿದ್ರೆ ಮೊದಲೇ ಗೊತ್ತಾಗ್ತಿತ್ತು" ಅನ್ನೋರಿಗೂ ಒಂದು ಮಾತು. ನಕ್ಷೆಯಲ್ಲಿರೋ ಚೈನ್ ಹೊಸದು. ನೀರಲ್ಲಿ, ಗಾಳಿಯಲ್ಲಿ 70 ವರ್ಷ ನಿಂತ ಚೈನ್ ಬೇರೆ. ತುಕ್ಕು ಎಷ್ಟು ತಿಂದಿದೆ, ಕೊಂಡಿ ಎಷ್ಟು ಸವೆದಿದೆ ಅಂತ ಅಳೆದು ಹಾಕದಿದ್ರೆ ಸಿಮ್ಯುಲೇಶನ್ ಬರೀ ಬಣ್ಣದ ಚಿತ್ರ. ಅಳತೆ ತರೋನು ಗೇಟಿನ ಮೇಲೆ ಹತ್ತೋ ಕೆಲಸಗಾರ. ಅವನಿಲ್ಲದ ಸಭೆಯಲ್ಲಿ ಅರ್ಧ ವಿದ್ಯೆ ಹೊರಗೇ ಉಳೀತದೆ. ಇದೇನು ಹೊಸ ಮಾತಲ್ಲ. ಕೆ.ಆರ್.ಎಸ್. ಪಕ್ಕದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಸಣ್ಣ ಮಾದರಿ ಕಟ್ಟಿ, ನೀರು ಹರಿಸಿ ನೋಡೋ ಪದ್ಧತಿ ದಶಕಗಳಿಂದ ಇದೆ. ಕಂಪ್ಯೂಟರ್ ಬಂದ ಮೇಲೆ ನಾವು ನೀರನ್ನೇ ಮರೆತ್ವಿ.

5/6
ತಪ್ಪು ಅವರದಷ್ಟೇ ಅಲ್ಲ, ನಮ್ದೂ ಐತಿ. ಆಗಸ್ಟ್ 17ಕ್ಕೆ ನಾವು ಚಪ್ಪಾಳೆ ಹೊಡೆದ್ವಿ, ಹಾರ ಹಾಕಿದ್ವಿ, ಸ್ಟೇಟಸ್ ಇಟ್ವಿ. ಆಮೇಲೆ? ಉಳಿದ 32 ಗೇಟುಗಳ ಚೈನುಗಳ ಬಗ್ಗೆ ನೀವು ಯಾರನ್ನಾದ್ರೂ ಕೇಳಿದ್ರಾ? ನಾನೂ ಕೇಳಲಿಲ್ಲ. ಒಬ್ಬ ಹೀರೋ ಬಂದು ಉಳಿಸಬೇಕಾಯ್ತು ಅಂದ್ರೆ ವ್ಯವಸ್ಥೆ ಸೋತಿತ್ತು ಅಂತಲೇ ಅರ್ಥ. 33 ಗೇಟುಗಳನ್ನೂ ಬದಲಿಸೋಕೆ 2025-26ರಲ್ಲಿ ಎರಡನೇ ಬೆಳೆಗೆ ನೀರು ನಿಂತಿತು. ಕಂಪ್ಲಿ, ಗಂಗಾವತಿ, ಸಿಂಧನೂರಿನ ಗದ್ದೆಗೆ ಕೇಳ್ರಿ, ಒಂದು ಕೊಂಡಿಯ ಬೆಲೆ ಎಷ್ಟು ಅಂತ.

6/6
ಕೇಳೋದು ಇಷ್ಟೇ. ವರ್ಷಕ್ಕೊಮ್ಮೆ ಒಂದು ದಿನ ಇಲ್ಲಿಗೆ ಬರ್ರಿ. ಮುಂದಿನ ಸಾಲಿನಲ್ಲಿ ಗೇಟ್ ಆಪರೇಟರ್, ವೆಲ್ಡರ್, ಕಾಲುವೆ ಕೊನೆಯ ರೈತ ಕೂತ್ಕೊಳ್ಳಲಿ. ಹೊಸ ಗೇಟಿನ ಅಳತೆಗಳು ಮೊದಲ ದಿನದಿಂದಲೇ ದಾಖಲಾಗಲಿ, ಎಲ್ಲರಿಗೂ ಕಾಣಲಿ. ಊಟಕ್ಕೆ ನಮ್ಮ ಮಿರ್ಚಿ-ಮಂಡಕ್ಕಿ ಇದ್ದೇ ಇದೆ.

ನಿಮ್ಮ ಗೆಳೆಯರಲ್ಲಿ ಎಂಜಿನಿಯರ್ ಇದ್ರೆ ಟ್ಯಾಗ್ ಮಾಡ್ರಿ. ಒಪ್ಪದಿದ್ರೆ ಕಾರಣ ಬರೀರಿ, ಉತ್ತರ ಕೊಡ್ತೀನಿ.

#ಟಿಬಿಡ್ಯಾಂ #ಹೊಸಪೇಟೆ #ತುಂಗಭದ್ರಾ #19ನೇಗೇಟು