ಬಚ್ಚಲೊಲೆಯ ಲೆಕ್ಕ

ಹಿಮ ಬೀಳುವ ಎಷ್ಟೋ ದೇಶಗಳಲ್ಲಿ ಮನೆ ಬೆಚ್ಚಗಿಡುವ ಖರ್ಚಿಗೆಂದೇ ಸರ್ಕಾರ ಬಡವರಿಗೆ ಹಣ ಕೊಡುತ್ತದೆ. ಕೂಡ್ಲಿಗಿ, ಕೊಟ್ಟೂರಿನ ಕಡೆ ಮನೆ ಕಾಯಿಸುವ ಮಾತೇ ಇಲ್ಲ. ಆ ಕೆಲಸ ಬಿಸಿಲು ನೋಡಿಕೊಳ್ಳುತ್ತದೆ, ಬೇಡವೆಂದರೂ. ಇಲ್ಲಿ ಬೆಂಕಿ ಬೇಕಾಗುವುದು ರೊಟ್ಟಿಯ ಹೆಂಚಿಗೆ, ಬಚ್ಚಲ ಹಂಡೆಗೆ.

ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯಲ್ಲಿ ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ ಬೆಂಡು ಚೀಲಗಟ್ಟಲೆ ಮನೆ ಸೇರುತ್ತದೆ. ಅದು ತೀರಿದರೆ ಹತ್ತಿಕಟ್ಟಿಗೆ, ಕುಳ್ಳು, ಕೊನೆಗೆ ಹಳ್ಳದ ದಂಡೆಯ ಬಳ್ಳಾರಿ ಜಾಲಿ. ಜಾಲಿ ಚೆನ್ನಾಗಿ ಉರಿಯುತ್ತದೆ, ಕೆಂಡವೂ ಗಟ್ಟಿ. ಆದರೆ ಅದರ ಮುಳ್ಳು ಹವಾಯಿ ಚಪ್ಪಲಿ ದಾಟಿ ಅಂಗಾಲಿಗೆ ನಾಟುತ್ತದೆ, ನಾಟಿದಲ್ಲಿ ಕೀವಾಗುತ್ತದೆ. ಇದನ್ನು ಪುಕ್ಕಟೆ ಉರುವಲು ಎನ್ನುವವರು ಒಂದು ಹೊರೆ ಕಡಿದು ತಂದು ನೋಡಲಿ.

ಈ ಮನೆಗಳಲ್ಲಿ ಗ್ಯಾಸ್ ಇಲ್ಲವೆಂದಲ್ಲ. 2016ರಲ್ಲಿ ಶುರುವಾದ ಉಜ್ವಲ ಯೋಜನೆಯ ಸಿಲಿಂಡರ್ ಮೂಲೆಯಲ್ಲಿದೆ. ಚಹಾಕ್ಕೆ, ನೆಂಟರು ಬಂದಾಗ ಹತ್ತಿಸುತ್ತಾರೆ. ರೊಟ್ಟಿ ಮಾತ್ರ ಕಟ್ಟಿಗೆ ಒಲೆಯ ಮೇಲೇ. 2023ರ ಅಕ್ಟೋಬರ್‌ನಿಂದ ಒಂದು ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಇದೆ ನಿಜ. ಅದು ಖಾತೆಗೆ ಬೀಳುವುದು ಪೂರ್ತಿ ದುಡ್ಡು ಕಟ್ಟಿ ಸಿಲಿಂಡರ್ ಇಳಿಸಿಕೊಂಡ ಮೇಲೆ. ವಾರದ ಬಟವಾಡೆಯಲ್ಲಿ ಸಂತೆ ಮಾಡುವ ಮನೆ ಒಂದೇ ದಿನ ಅಷ್ಟೂ ದುಡ್ಡು ಎಲ್ಲಿಂದ ತರಬೇಕು?

ಕರೆಂಟಿನದು ಇನ್ನೂ ವಿಚಿತ್ರ. ಗೃಹಜ್ಯೋತಿ ಎಂದರೆ 200 ಯೂನಿಟ್ ಉಚಿತ ಎಂದೇ ಎಲ್ಲರ ಬಾಯಲ್ಲಿದೆ. 2023ರ ಆಗಸ್ಟ್‌ನಲ್ಲಿ ಶೂನ್ಯ ಬಿಲ್ ಕೈಗೆ ಬಂದಾಗ ಆದ ನಿರಾಳವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ 200 ಎಂಬುದು ಮೇಲ್ಮಿತಿ. ಮನೆಯ ಪಾಲು ನಿಂತಿರುವುದು 2022-23ರ ಸರಾಸರಿ ಬಳಕೆಯ ಮೇಲೆ. ತಿಂಗಳಿಗೆ 180 ಯೂನಿಟ್ ಉರಿಸಿದವರಿಗೆ ಶೇ. 10 ಸೇರಿಸಿ 198 ಉಚಿತ. 30 ಉರಿಸಿದವರಿಗೆ, ಆಮೇಲಿನ ತಿದ್ದುಪಡಿಯಂತೆ 10 ಯೂನಿಟ್ ಸೇರಿಸಿದರೂ, 40. ಆ ವರ್ಷ ಗುಳೆ ಹೋಗಿ ಮನೆಗೆ ಬೀಗ ಹಾಕಿದ್ದರೆ ಮೀಟರ್ ತಿರುಗಿಲ್ಲ, ಪಾಲೂ ಅಷ್ಟಕ್ಕಷ್ಟೇ.

ಇನ್ನು ಹಂಡೆಯ ಲೆಕ್ಕ. ಒಂದು ಬಕೆಟ್ ನೀರು ಕಾಯಲು ಸುಮಾರು ಅರ್ಧ ಯೂನಿಟ್ ಬೇಕು. ದಿನಕ್ಕೆ ತಲೆಗೊಂದು ಬಕೆಟ್ ಎಂದರೆ ಐವರ ಮನೆಗೆ ತಿಂಗಳಿಗೆ 75. ಕಾಯಿಲ್ ಹಾಕಿದರೆ 40 ಯೂನಿಟ್ಟಿನ ಮನೆ ಬಿಲ್ಲಿಗೆ ಬೀಳುತ್ತದೆ; 198ರ ಮನೆಯ ಗೀಸರ್ ಪಾಲಿನೊಳಗೇ ಓಡುತ್ತದೆ. ದೀಪ ಆರಿಸಿ ಮಿತವಾಗಿದ್ದವರಿಗೆ ಸಿಕ್ಕ ಬಹುಮಾನ ಇದು!

ಎಲ್ಲರಿಗೂ ಹೆಚ್ಚಿಸಿದರೆ ಖಜಾನೆ ತಾಳೀತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಲ್ಲರಿಗೂ ಹೆಚ್ಚಿಸುವುದು ಬೇಡ. ಮೇಲಿನವರ 198ನ್ನು ಇಳಿಸಿ, ಕೆಳಗಿನವರ 40ನ್ನು ಏರಿಸಿ, ಮನೆಗೆ ಇಂತಿಷ್ಟು ಎಂದು ಒಂದೇ ಪಾಲು ಮಾಡಬಹುದು. ಗ್ಯಾಸ್ ಸಬ್ಸಿಡಿಯನ್ನು ಬುಕ್ ಮಾಡುವಾಗಲೇ ಬೆಲೆಯಲ್ಲಿ ಕಳೆಯಬಹುದು. ಉಜ್ವಲದಲ್ಲೇ ಇರುವ 5 ಕೆಜಿ ಸಿಲಿಂಡರನ್ನು ಹೂವಿನಹಡಗಲಿಯ ಸಂತೆಯ ದಿನವೂ ಸಿಗುವಂತೆ ಮಾಡಬಹುದು. ಇದಕ್ಕೆ ಹೊಸ ಹೆಸರಿನ ಯೋಜನೆ ಬೇಕಿಲ್ಲ. ಇರುವ ಆದೇಶಗಳಲ್ಲಿ ಎರಡು ಮೂರು ಸಾಲು ತಿದ್ದಿದರೆ ಸಾಕು.