ಎಲ್ಲರ ಕೈಯಲ್ಲೂ ಒಂದೇ ಕೀಲಿಕೈ: ಸಣ್ಣ ಉದ್ಯಮಗಳಲ್ಲಿ ಪಾಸ್‌ವರ್ಡ್ ಹಂಚಿಕೆಯ ಪ್ರಶ್ನೆ

ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿ 1865ರಲ್ಲಿ ಆರಂಭಗೊಂಡ ‘ನೈಟ್ಸ್ ಆಫ್ ಓಲ್ಡ್’ ಎಂಬ ಸರಕು ಸಾಗಣೆ ಸಂಸ್ಥೆಯು 158 ವರ್ಷಗಳ ಕಾಲ ನಡೆದು 2023ರಲ್ಲಿ ಬಾಗಿಲು ಮುಚ್ಚಿತು. ಅದರ ಮಾತೃಸಂಸ್ಥೆಯಾದ ಕೆ.ಎನ್.ಪಿ.ಯ ಬಳಿ ಸುಮಾರು 500 ಲಾರಿಗಳಿದ್ದವು, ಸೈಬರ್ ವಿಮೆಯೂ ಇತ್ತು. ‘ಅಕಿರಾ’ ಎಂಬ ಸುಲಿಗೆಕೋರರ ತಂಡವು ಓರ್ವ ನೌಕರನ ಪಾಸ್‌ವರ್ಡನ್ನು ಊಹಿಸಿ ಒಳನುಗ್ಗಿತೆಂದು ನಂಬಲಾಗಿದೆ. ಲೆಕ್ಕಪತ್ರಗಳೆಲ್ಲ ಅವರ ಬೀಗದೊಳಗೆ ಸೇರಿದವು. ಸುಮಾರು 700 ಮಂದಿ ಉದ್ಯೋಗ ಕಳೆದುಕೊಂಡರು. ಯಾರ ಪಾಸ್‌ವರ್ಡಿನಿಂದ ಹೀಗಾಯಿತೆಂಬುದನ್ನು ಆ ನೌಕರನಿಗೆ ತಾವು ತಿಳಿಸಿಲ್ಲವೆಂದು ಸಂಸ್ಥೆಯ ನಿರ್ದೇಶಕರು 2025ರಲ್ಲಿ ಬಿ.ಬಿ.ಸಿ.ಗೆ ಹೇಳಿದ್ದರು.

ಈ ಸುದ್ದಿಯನ್ನು ದೂರದ ದೇಶದ ದುರಂತವೆಂದು ಬದಿಗಿಡುವಂತಿಲ್ಲ. ಮುಂಬಯಿ, ಪುಣೆ, ಚೆನ್ನೈಯಂತಹ ನಗರಗಳಲ್ಲಿ ನಮ್ಮವರು ನಡೆಸುತ್ತಿರುವ ಹೋಟೆಲು, ಸಾರಿಗೆ, ಮುದ್ರಣ, ಲೆಕ್ಕಪರಿಶೋಧನೆಯ ಕಚೇರಿಗಳ ವ್ಯವಹಾರವೂ ಇಂದು ಪಾಸ್‌ವರ್ಡುಗಳ ಮೇಲೆಯೇ ನಿಂತಿದೆ. ಜಿ.ಎಸ್.ಟಿ. ಜಾಲತಾಣ, ಸರಕಿನ ಇ-ವೇ ಬಿಲ್, ಬ್ಯಾಂಕಿನ ಖಾತೆ, ಸಂಸ್ಥೆಯ ಇಮೇಲ್, ಆಹಾರ ವಿತರಣೆಯ ಆ್ಯಪ್, ಫೇಸ್‌ಬುಕ್ ಪುಟ – ಹತ್ತೇ ಮಂದಿಯ ಸಂಸ್ಥೆಯಲ್ಲೂ ಇಂತಹ ಹತ್ತಾರು ಖಾತೆಗಳಿರುತ್ತವೆ. ಮಾಲೀಕರೊಬ್ಬರೇ ಇವೆಲ್ಲವನ್ನೂ ನಿಭಾಯಿಸಲಾರರು. ಆದುದರಿಂದ ಪಾಸ್‌ವರ್ಡನ್ನು ಮೇನೇಜರರಿಗೆ, ಗುಮಾಸ್ತರಿಗೆ, ಹೊರಗಿನ ಲೆಕ್ಕಿಗರಿಗೆ ಹೇಳಲೇಬೇಕಾಗುತ್ತದೆ. ‘ಯಾರಿಗೂ ಹೇಳಬೇಡಿ’ ಎಂಬ ಬ್ಯಾಂಕುಗಳ ಎಚ್ಚರಿಕೆ ವ್ಯಕ್ತಿಗೆ ಸರಿ. ಸಂಸ್ಥೆಗೆ ಅದರಿಂದ ಪೂರ್ತಿ ಉತ್ತರ ದೊರೆಯದು.

ಹಂಚುವ ಬಗೆ ಎಂತಹದು? ಗಲ್ಲಾಪೆಟ್ಟಿಗೆಯ ಬಳಿ ಅಂಟಿಸಿದ ಚೀಟಿ, ಕಂಪ್ಯೂಟರಿನಲ್ಲಿ ಇರಿಸಿದ ಎಕ್ಸೆಲ್ ಪಟ್ಟಿ, ಅದಕ್ಕಿಂತ ಹೆಚ್ಚಾಗಿ ವಾಟ್ಸಾಪ್ ಗುಂಪಿಗೆ ಕಳುಹಿಸಿದ ಒಂದು ಸಾಲು. ವಾಟ್ಸಾಪ್ ಸಂದೇಶವನ್ನು ದಾರಿಯಲ್ಲಿ ಯಾರೂ ಓದಲಾರರೆಂಬುದು ನಿಜ. ಆದರೆ ಅದು ತಲುಪಿದ ಪ್ರತಿಯೊಂದು ಫೋನಿನಲ್ಲೂ ಉಳಿಯುತ್ತದೆ. ಕೆಲಸ ಬಿಟ್ಟವನನ್ನು ಗುಂಪಿನಿಂದ ತೆಗೆದ ಮಾತ್ರಕ್ಕೆ ಹಳೆಯ ಸಂದೇಶ ಅವನ ಫೋನಿನಿಂದ ಅಳಿಯುವುದಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ದೋಷವಿದೆ. ಐವರು ಒಂದೇ ಹೆಸರಿನಲ್ಲಿ ಒಳಹೋಗುವ ಖಾತೆಯಲ್ಲಿ ಯಾರು ಏನು ಮಾಡಿದರೆಂಬುದು ದಾಖಲಾಗುವುದಿಲ್ಲ. ಒಂದು ಇ-ವೇ ಬಿಲ್ ತಪ್ಪಾಗಿ ರದ್ದಾಯಿತು, ಒಂದು ಮೊತ್ತ ಬೇರೆ ಖಾತೆಗೆ ಹೋಯಿತು ಎಂದುಕೊಳ್ಳೋಣ. ಆಗ ಸಂಶಯವು ಐವರ ಮೇಲೂ ಬೀಳುತ್ತದೆ. ನಿರಪರಾಧಿಗೆ ತನ್ನ ಪ್ರಾಮಾಣಿಕತೆಯನ್ನು ಸಾಬೀತುಪಡಿಸುವ ದಾರಿಯೇ ಇರುವುದಿಲ್ಲ. ಊರಿನ ಪರಿಚಯ, ಬಂಧುತ್ವಗಳ ಆಧಾರದಲ್ಲಿ ನೌಕರರನ್ನು ಸೇರಿಸಿಕೊಳ್ಳುವ ನಮ್ಮ ಸಂಸ್ಥೆಗಳಲ್ಲಿ ಇಂತಹ ಸಂಶಯ ಅಂಗಡಿಯ ಹೊಸ್ತಿಲು ದಾಟಿ ಊರಿನವರೆಗೂ ತಲುಪುತ್ತದೆ.

ಕಾನೂನೂ ಈಗ ಹೊಣೆಗಾರಿಕೆಯನ್ನು ಕೇಳುತ್ತಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯ ಉದ್ದೇಶದಿಂದ ಬಳಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆಗಳನ್ನು ಕಾಯ್ದಿರಿಸಬೇಕು. ಗ್ರಾಹಕರ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ರೂಪುಗೊಂಡ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೊಳ್ಳುವಂತೆ ರೂಪಿಸಲಾಗಿದೆ. ಭದ್ರತಾ ಲೋಪಕ್ಕೆ ಅದು ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೋಗುವ ಸಂಸ್ಥೆಯು ಯಾವ ದಾಖಲೆಯನ್ನು ಮುಂದಿಡಬಲ್ಲುದು?

ಹಾಗಾದರೆ ಪರಿಹಾರವೇನು? ಮೊದಲನೆಯದಾಗಿ, ಹಂಚದೆ ನಡೆಯುವಲ್ಲಿ ಹಂಚಬಾರದು. ಇ-ವೇ ಬಿಲ್ ವ್ಯವಸ್ಥೆಯಲ್ಲಿ ಮುಖ್ಯ ಖಾತೆಯ ಕೆಳಗೆ ಉಪಬಳಕೆದಾರರನ್ನು ನೇಮಿಸುವ ಸೌಲಭ್ಯವಿದೆ. ಅಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಪಾಸ್‌ವರ್ಡಿನ ಜೊತೆಗೆ ಎರಡನೆಯ ದೃಢೀಕರಣ ಕಡ್ಡಾಯವಾಗಿದೆ. ಉಪಬಳಕೆದಾರರಿಗೆ ಅವರವರ ಮೊಬೈಲಿಗೇ ಒ.ಟಿ.ಪಿ. ಬರುವುದರಿಂದ ಮಾಲೀಕರನ್ನು ನಡುರಾತ್ರಿ ಎಬ್ಬಿಸಿ ಸಂಖ್ಯೆ ಕೇಳುವ ಅಗತ್ಯವಿಲ್ಲ. ಬ್ಯಾಂಕುಗಳ ವಾಣಿಜ್ಯ ಖಾತೆಗಳಲ್ಲೂ ಒಬ್ಬರು ಪಾವತಿಯನ್ನು ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ಏರ್ಪಾಡು ಬಳಕೆಯಲ್ಲಿದೆ. ಫೇಸ್‌ಬುಕ್ ಪುಟಕ್ಕೆ ಹಲವರನ್ನು ಅವರವರ ಹೆಸರಿನಲ್ಲೇ ನಿರ್ವಾಹಕರನ್ನಾಗಿ ಸೇರಿಸಬಹುದು. ಈ ಸೌಲಭ್ಯಗಳನ್ನು ಬಳಸದೆ ಒಂದೇ ಪಾಸ್‌ವರ್ಡಿನಲ್ಲಿ ಕಾಲ ಕಳೆಯುತ್ತಿರುವುದು ಕೇವಲ ಉದಾಸೀನದಿಂದ.

ಇಷ್ಟಾದರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುವ ಕೆಲವು ಖಾತೆಗಳು ಉಳಿದೇ ಉಳಿಯುತ್ತವೆ. ಅವುಗಳಿಗಾಗಿ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶಗಳಿವೆ. ಬಿಟ್‌ವಾರ್ಡನ್, 1ಪಾಸ್‌ವರ್ಡ್ ಮುಂತಾದವು ಪ್ರಸಿದ್ಧ. ಇವುಗಳ ಒಳಮರ್ಮವನ್ನು ಹೀಗೆ ವಿವರಿಸಬಹುದು. ಪ್ರತಿ ಸದಸ್ಯನಿಗೂ ಎರಡು ಕೀಲಿಗಳಿರುತ್ತವೆ: ಬೀಗ ಹಾಕಲು ಮಾತ್ರ ಬರುವ ಬಹಿರಂಗ ಕೀಲಿ ಒಂದು, ಆ ಬೀಗವನ್ನು ತೆರೆಯುವ ಖಾಸಗಿ ಕೀಲಿ ಇನ್ನೊಂದು. ಸಂಸ್ಥೆಯ ಪಾಸ್‌ವರ್ಡುಗಳ ಪೆಟ್ಟಿಗೆಯ ಕೀಲಿಯನ್ನು ಪ್ರತಿ ಸದಸ್ಯನ ಬಹಿರಂಗ ಕೀಲಿಯಿಂದ ಬೇರೆಬೇರೆಯಾಗಿ ಮುಚ್ಚಿ ಇಡಲಾಗುತ್ತದೆ. ತೆರೆಯುವ ಕೆಲಸ ಆಯಾ ಸದಸ್ಯನ ಸಾಧನದಲ್ಲೇ ನಡೆಯುವುದರಿಂದ ಸೇವೆ ನೀಡುವ ಕಂಪೆನಿಗೂ ಒಳಗಿನದು ಕಾಣದು. ಒಬ್ಬರು ಪಾಸ್‌ವರ್ಡ್ ಬದಲಿಸಿದರೆ ಉಳಿದವರ ಫೋನು, ಕಂಪ್ಯೂಟರುಗಳಲ್ಲೂ ಅದು ತಾನಾಗಿ ಬದಲಾಗುತ್ತದೆ. ಅಡುಗೆಮನೆಯ ಮೇಲ್ವಿಚಾರಕನಿಗೆ ಆಹಾರ ವಿತರಣೆಯ ಖಾತೆ, ಗುಮಾಸ್ತನಿಗೆ ತೆರಿಗೆಯ ಖಾತೆ ಎಂದು ವಿಂಗಡಿಸಿಯೂ ಕೊಡಬಹುದು.

ಹಣ ತೆರದೆ ಬಳಸಬಹುದಾದ ಕೀಪಾಸ್ 2003ರಿಂದಲೂ ಇದೆ. ಅದರ ಕಡತವನ್ನು ಹಂಚಿದ ಫೋಲ್ಡರಿನಲ್ಲಿಟ್ಟು ಹಲವು ಕಚೇರಿಗಳು ಕೆಲಸ ಸಾಗಿಸುತ್ತವೆ. ಆದರೆ ಇಲ್ಲಿ ಕಡತವನ್ನು ತೆರೆಯುವ ಮುಖ್ಯ ಪಾಸ್‌ವರ್ಡನ್ನೇ ಎಲ್ಲರಿಗೂ ಹೇಳಬೇಕಾಗುವುದರಿಂದ ಮೂಲ ಸಮಸ್ಯೆ ಬೇರೊಂದು ರೂಪದಲ್ಲಿ ಮರಳುತ್ತದೆ. ಇಬ್ಬರು ಪಾಲುದಾರರಿಗೆ ಇದು ಸಾಕು. ನೌಕರರು ಬಂದು ಹೋಗುವ ಸಂಸ್ಥೆಗೆ ಸಾಲದು.

ಇವೂ ಸಂಪೂರ್ಣ ಅಭೇದ್ಯವೆಂದು ಭಾವಿಸಬಾರದು. 2022ರಲ್ಲಿ ಲಾಸ್ಟ್‌ಪಾಸ್ ಕಂಪೆನಿಯ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ನಕಲುಗಳು ಕಳವಾದವು. ಕಳ್ಳರು ಆ ಕಂಪೆನಿಯ ಹಿರಿಯ ಎಂಜಿನಿಯರೊಬ್ಬರ ಮನೆಯ ಕಂಪ್ಯೂಟರಿನೊಳಕ್ಕೆ ಅಲ್ಲಿದ್ದ ಬೇರೊಂದು ತಂತ್ರಾಂಶದ ದೋಷದ ಮೂಲಕ ನುಸುಳಿ, ಅವರು ಒತ್ತಿದ ಕೀಲಿಗಳನ್ನು ದಾಖಲಿಸಿಕೊಂಡಿದ್ದರು. ಪೆಟ್ಟಿಗೆಯಲ್ಲಿದ್ದ ಪಾಸ್‌ವರ್ಡುಗಳು ಮುಚ್ಚಿದ ರೂಪದಲ್ಲಿದ್ದರೂ ಜಾಲತಾಣಗಳ ವಿಳಾಸಗಳು ಬಯಲಾಗಿಯೇ ಇದ್ದವು. ದುರ್ಬಲವಾದ ಮುಖ್ಯ ಪಾಸ್‌ವರ್ಡ್ ಇಟ್ಟುಕೊಂಡಿದ್ದವರೇ ಹೆಚ್ಚಿನ ಅಪಾಯಕ್ಕೆ ಒಳಗಾದರು. ಆದುದರಿಂದ ಮುಖ್ಯ ಪಾಸ್‌ವರ್ಡ್ ನಾಲ್ಕಾರು ಸಂಬಂಧವಿಲ್ಲದ ಪದಗಳಷ್ಟು ಉದ್ದವಿರಬೇಕು, ಎರಡನೆಯ ದೃಢೀಕರಣ ಇರಲೇಬೇಕು.

ನೌಕರನು ಕೆಲಸ ಬಿಟ್ಟ ದಿನ ಅವನನ್ನು ಪೆಟ್ಟಿಗೆಯಿಂದ ತೆಗೆದರಷ್ಟೇ ಸಾಲದು. ಒಮ್ಮೆ ಕಂಡ ಪಾಸ್‌ವರ್ಡನ್ನು ಅವನು ಬರೆದಿಟ್ಟುಕೊಂಡಿರಬಹುದು. ಪಾಸ್‌ವರ್ಡನ್ನು ಪರದೆಯ ಮೇಲೆ ಮರೆಮಾಡುವ ಸೌಲಭ್ಯವೂ ಪೂರ್ಣ ರಕ್ಷಣೆಯಲ್ಲ. ಅವನ ಕೈಗೆ ಸಿಕ್ಕಿದ್ದ ಪಾಸ್‌ವರ್ಡುಗಳನ್ನು ಅಂದೇ ಬದಲಿಸಬೇಕು. ಪ್ರತಿ ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಬದಲಿಸುವ ಹಳೆಯ ಪದ್ಧತಿಯನ್ನಾದರೋ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2017ರಲ್ಲೇ ಕೈಬಿಟ್ಟಿದೆ. ಪದೇ ಪದೇ ಬದಲಿಸಬೇಕಾದವರು ಹಳೆಯದಕ್ಕೇ ಒಂದು ಅಂಕೆ ಸೇರಿಸಿ ಸುಮ್ಮನಾಗುತ್ತಾರೆ. ಕಾರಣವಿದ್ದಾಗ ತಪ್ಪದೆ ಬದಲಿಸುವುದೇ ಮೇಲು.

ಮಾಲೀಕರ ಅನಿರೀಕ್ಷಿತ ಗೈರುಹಾಜರಿಯನ್ನೂ ಯೋಚಿಸಬೇಕು. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡವರು ಆಸ್ಪತ್ರೆ ಸೇರಿದರೆ ಸಂಬಳದ ಪಾವತಿಯೂ ನಿಲ್ಲುತ್ತದೆ. ಮುಖ್ಯ ಪಾಸ್‌ವರ್ಡು ಹಾಗೂ ಖಾತೆಯನ್ನು ಮರಳಿ ಪಡೆಯುವ ಸಂಕೇತವನ್ನು ಕಾಗದದಲ್ಲಿ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಬ್ಯಾಂಕಿನ ಲಾಕರಿನಲ್ಲಿ ಇರಿಸಿ, ಮನೆಯವರೊಬ್ಬರಿಗೆ ತಿಳಿಸಿರುವುದು ವಿವೇಕ.

ಪ್ರತಿಯೊಬ್ಬರಿಗೂ ಬೇರೆ ಕೀಲಿ ಕೊಡುವುದೆಂದರೆ ನೌಕರರ ಮೇಲೆ ಅಪನಂಬಿಕೆ ತೋರಿದಂತೆ ಎಂದು ಕೆಲವು ಹಿರಿಯ ಉದ್ಯಮಿಗಳು ಸಂಕೋಚಪಡುವುದುಂಟು. ಗಲ್ಲಾದಲ್ಲಿ ಕುಳಿತವರು ದಿನದ ಕೊನೆಗೆ ಲೆಕ್ಕ ಒಪ್ಪಿಸಿ ಸಹಿ ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು. ಅದನ್ನು ಯಾರೂ ಅವಮಾನವೆಂದು ತಿಳಿದಿಲ್ಲ. ಆ ಸಹಿಯೇ ಪ್ರಾಮಾಣಿಕನಿಗೆ ರಕ್ಷಣೆ. ಕಂಪ್ಯೂಟರಿನೊಳಗಿನ ಗಲ್ಲಾಕ್ಕೂ ಅದೇ ಪದ್ಧತಿಯನ್ನು ವಿಸ್ತರಿಸುವ ಕಾಲ ಬಂದಿದೆ. ನಮ್ಮ ಉದ್ಯಮಿಗಳು ತಮ್ಮ ಖಾತೆಗಳ ಪಟ್ಟಿಯೊಂದನ್ನು ಬರೆದು, ಪ್ರತಿಯೊಂದರ ಮುಂದೆ ಅದರ ಪಾಸ್‌ವರ್ಡು ಈಗ ಯಾರು ಯಾರಿಗೆ ಗೊತ್ತಿದೆಯೆಂದು ಗುರುತಿಸಲಿ. ಆ ಪಟ್ಟಿಯಲ್ಲಿ ಕೆಲಸ ಬಿಟ್ಟುಹೋದವರ ಒಂದು ಹೆಸರು ಕಂಡುಬಂದರೂ ಸಾಕು, ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಾನಾಗಿ ತಿಳಿಯುತ್ತದೆ.